ಒಂದೊಂದು ಮಾತೂ ನಿಜ

ಮೂರನೆಯ ಗುಂಡಿಯನ್ನು ಕಪ್ಪು ದಾರದಲ್ಲಿ ಹೊಲಿದಿದ್ದಾರೆ, ಬಿಳಿ ಅಂಗಿಗೆ ಕಪ್ಪು ದಾರ, ಕೈಗೆ ಸಿಕ್ಕಿದ್ದನ್ನು ಪೋಣಿಸಿ ಅವಸರಕ್ಕೆ ಹಾಕಿದ ಹೊಲಿಗೆ, ತುದಿಯನ್ನೂ ಕತ್ತರಿಸಿಲ್ಲ — ಹೊನ್ನಾಳಿ ಕೋರ್ಟಿನ ಪಡಸಾಲೆಯಲ್ಲಿ ಎದುರು ಬೆಂಚಿನ ಮೇಲೆ ಕೂತ ಗುರುಬಸವರಾಜನ ಮುಖ ನೋಡಬಾರದೆಂದು ಸಂಧ್ಯಾರಾಣಿ ಅವನ ಅಂಗಿ ನೋಡುತ್ತಿದ್ದಳು, ನ್ಯಾಮತಿ ಬಸ್‌ಸ್ಟ್ಯಾಂಡಿನ ಎದುರು ಲೇಡೀಸ್ ಟೈಲರ್ ಅಂಗಡಿ ಇಟ್ಟವಳ ಕಣ್ಣು, ಹೊಲಿಗೆ ಬಿಟ್ಟು ಬೇರೆಡೆ ನಿಲ್ಲುವುದಿಲ್ಲ, ಹೆಂಡತಿ ತೀರಿಕೊಂಡ ಮೇಲೆ ತಾನೇ ಹಾಕಿಕೊಂಡನೇನೋ, ಪಾಪ — ಪಾಪವಂತೆ! ಆ ಮಾತು ತನ್ನೊಳಗೆ ಎಲ್ಲಿಂದ ಎದ್ದಿತೆಂದು ಅವಳಿಗೆ ಮೈ ಉರಿಯಿತು, ಹಾಕಿಕೊಳ್ಳಲಿ, ಜೈಲಿನೊಳಗೆ ಹೋದ ಮೇಲೆ ಅಂಗಿ ಅವರೇ ಕೊಡುತ್ತಾರೆ, ಗುಂಡಿಯ ಚಿಂತೆಯಿಲ್ಲ. ಪಕ್ಕದಲ್ಲಿ ರಹೀಮುನ್ನೀಸಾ, ಸತ್ತ ಮಂಜೂರನ ಹೆಂಡತಿ, ಬುರ್ಖಾದ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದಾಳೆ, ಬೆಳಿಗ್ಗೆ ಗೇಟಿನ ಹತ್ತಿರ ಅವನು ಎದುರಾದಾಗ ಅವನ ಎದೆಗೆ ಉಗಿದಳು, ಅವನು ಹೆಗಲ ಟವೆಲಿನಿಂದ ಒರೆಸಿಕೊಂಡು ತಲೆ ತಗ್ಗಿಸಿ ನಡೆದ, ಆಗ ಸಂಧ್ಯಾರಾಣಿಯ ಹೊಟ್ಟೆಗೆ ತಣ್ಣಗೆ ಏನೋ ಇಳಿದಂತಾಯಿತು, ಬಿಸಿಲಲ್ಲಿ ನಡೆದು ಬಂದು ಮಜ್ಜಿಗೆ ಕುಡಿದ ಹಾಗೆ, ಇನ್ನೊಂದು ಸಲ ಉಗಿಯೇ ಎನ್ನಬೇಕೆನಿಸಿತು. ಅಕ್ಕಾ, ನೋಡಿರೋರು ನೀವೊಬ್ರೇ, ನೀವು ಹೇಳಿದ್ರೆ ಸಾಕು, ಅವನು ಕಂಬಿ ಎಣಿಸೋದನ್ನ ಕಣ್ತುಂಬ ನೋಡ್ತೀನಿ. ಹ್ಞೂಂ ಕಣಮ್ಮ, ಅಂದಳು ಸಂಧ್ಯಾರಾಣಿ. ನಾನೂ ನೋಡಬೇಕು, ನಿನಗಿಂತ ಮೊದಲಿನಿಂದ ಕಾದವಳು ನಾನು.

ವರ್ಷಗಳ ಹಿಂದೆ ಸಂಧ್ಯಾರಾಣಿಯ ಅಪ್ಪನ ಮನೆ ಗೋವಿನಕೋವಿಯಲ್ಲಿ, ಈ ಗುರುಬಸವರಾಜನ ಬೀದಿಯಲ್ಲೇ, ಇವನು ತನ್ನ ಭಾವಮೈದುನನಿಗೆ ಅವಳ ಅಕ್ಕ ಮೇಘಶ್ರೀಯನ್ನು, ಮೇಘಕ್ಕನನ್ನು, ಕೇಳಿದ್ದ, ಅಪ್ಪ ಕೊಡುವುದಿಲ್ಲ ಅಂದಿದ್ದರು, ಹುಡುಗ ಕುಡೀತಾನೆ ಗುರುಬಸವರಾಜಪ್ಪ, ತಪ್ಪು ತಿಳೀಬ್ಯಾಡ, ಇವನು ಅದರಲ್ಲೇನು ಬಿಡ್ರಿ ಎಂದು ನಕ್ಕು ಕಾಫಿ ಕುಡಿದು ಹೋದ — ಆಮೇಲೆ ಜಗಳೂರಿನಿಂದ ಒಬ್ಬ ಮೇಷ್ಟರ ಸಂಬಂಧ ಬಂತು, ಮೇಘಶ್ರೀ ಒಪ್ಪಿದಳು, ಅವರೂ ಒಪ್ಪಿದರು, ಹೋಗುವಾಗ ಬೀದಿಯ ದೊಡ್ಡ ಮನುಷ್ಯನೆಂದು ಇವನ ಜಗಲಿಯಲ್ಲಿ ಕೂತು ಹುಡುಗಿ ಹೆಂಗ್ರಿ ಎಂದು ಕೇಳಿದರು, ಕೇಳುವುದು ವಾಡಿಕೆ, ಇವನು ಏನಾದರೂ ಸುಳ್ಳು ಹೇಳಿದನೇ? ಇಲ್ಲ. ಹುಡುಗಿ ವಿಚಾರ ಮಾತ್ರ ನನ್ನ ಬಾಯಿಂದ ಕೇಳಬ್ಯಾಡ್ರಿ, ನಾನೂ ಹೆಣ್ಣುಮಕ್ಕಳಿರೋನು. ಅಷ್ಟೇ ಅಂದ. ಹೋದವರು ತಿರುಗಿ ಬರಲಿಲ್ಲ, ಮಾತು ಮಾತ್ರ ಸಂತೇಬೆನ್ನೂರಿನ ನೆಂಟರ ಮನೆಯ ತನಕ ಹೋಗಿ ಬಂತು, ಮೇಘಕ್ಕ ಜಗಲಿಗೆ ಬರುವುದನ್ನು ಬಿಟ್ಟಳು, ಹಿತ್ತಲ ಬಾಗಿಲಿಂದಲೇ ಓಡಾಡಿದಳು, ಕೊನೆಗೆ ಜಗಳೂರಿನಾಚೆ ಹೆಂಡತಿ ಸತ್ತವನೊಬ್ಬನಿಗೆ, ಅವಳಿಗಿಂತ ಎಷ್ಟೋ ದೊಡ್ಡವನಿಗೆ ಕೊಟ್ಟರು. ವರ್ಷಗಳಾದ ಮೇಲೆ ನಲ್ಲೂರಿನ ಒಂದು ಮದುವೆಯಲ್ಲಿ ಆ ಮೇಷ್ಟರ ಚಿಕ್ಕಮ್ಮ ಊಟಕ್ಕೆ ಪಕ್ಕದಲ್ಲಿ ಕೂತು ನಡೆದದ್ದನ್ನು ಹೇಳಿದಾಗ ಸಂಧ್ಯಾರಾಣಿ ಉಣ್ಣುವುದನ್ನು ಬಿಟ್ಟು ಎದ್ದಳು, ಮನೆಗೆ ಬಂದು ಅಪ್ಪನಿಗೆ ಹೇಳಿದಳು. ಅಪ್ಪ ಇಷ್ಟಲಿಂಗವಿಟ್ಟ ಅಂಗೈಯಿಂದ ಕಣ್ಣೆತ್ತದೆ ಅಂದರು, ಶಿವ ನೋಡ್ಕಂತಾನೆ ಬಿಡವ್ವ. ಶಿವ ನೋಡಿಕೊಳ್ಳಲಿಲ್ಲ. ಇವನು ಹೊಸ ಮನೆ ಕಟ್ಟಿದ, ಕಾರು ಕೊಂಡ, ಊರ ಸಭೆಗಳಲ್ಲಿ ಶಾಲು ಹೊದಿಸಿಕೊಂಡ, ನೀತಿ, ಧರ್ಮ, ಸಂಸ್ಕಾರ ಅಂತ ಮೈಕಿನ ಮುಂದೆ ಮಾತಾಡಿದ, ಅಪ್ಪ ಸತ್ತಾಗ ಮಣ್ಣಿಗೂ ಬಂದ.

ಅದಕ್ಕೇ ಮಂಜೂರ್ ಸತ್ತ ಆ ಮಧ್ಯಾಹ್ನ ಅವಳ ಕಾಲು ನಿಂತದ್ದು. ಗೋವಿನಕೋವಿ ಕ್ರಾಸಿನ ಬಸ್ ತಂಗುದಾಣದಲ್ಲಿ ಅವಳೊಬ್ಬಳೇ, ಮದುವೆ ಮನೆಗೆ ರವಿಕೆ ಕೊಟ್ಟು ವಾಪಸ್ ಹೊರಟವಳು, ಮಂಜೂರ್ ಮೊಪೆಡ್ಡಿನಲ್ಲಿ ಬರುತ್ತಿದ್ದ, ಹಿಂದೆ ಬಟ್ಟೆಯ ಗಂಟು, ಅವಳ ಅಂಗಡಿಗೆ ಲೈನಿಂಗ್, ಫಾಲು, ದಾರ ಎಲ್ಲ ತಂದುಕೊಡುತ್ತಿದ್ದವನು, ಅಕ್ಕಾ ಈ ಬಣ್ಣ ಮ್ಯಾಚ್ ಆಗ್ತೈತೆ ನೋಡ್ರಿ ಎಂದು ತಾನೇ ಸೀರೆಯ ಪಕ್ಕ ಹಿಡಿದು ತೋರಿಸುತ್ತಿದ್ದವನು, ಅವಳನ್ನು ಕಂಡು ಕೈ ಎತ್ತಿದ — ಹಿಂದಿನಿಂದ ಜಲ್ಲಿ ತುಂಬಿದ ಹಳದಿ ಟಿಪ್ಪರ್, ಗುದ್ದಿದ್ದೇ ಗೊತ್ತಿಲ್ಲವೆಂಬಂತೆ ಹೋಗಿಯೇಬಿಟ್ಟಿತು, ಗಂಟು ಒಡೆದು ರಸ್ತೆ ತುಂಬ ಹಸಿರು ಕೆಂಪು ಬಟ್ಟೆ. ಅವಳು ಓಡಿದಳು, ಅರ್ಧ ದಾರಿ ಓಡಿದಳು, ಅಷ್ಟರಲ್ಲಿ ಹಿಂದೆ ಬಂದ ಕಾರು ನಿಂತು ಇವನು ಇಳಿದ, ಮಂಜೂರನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಯಾರಾದ್ರೂ ಬರ್ರಪ್ಪೋ, ನೀರು ತರ್ರೋ ಎಂದು ಕೂಗಿದ, ಅವಳ ಚೀಲದಲ್ಲಿ ನೀರಿನ ಬಾಟಲಿ ಇತ್ತು, ಕೂಗಿದವನು ಯಾರೆಂದು ಕಂಡಿತು, ಕಾಲು ನಿಂತಿತು. ಜನ ಬರುವ ಹೊತ್ತಿಗೆ ಅವರಿಗೆ ಕಂಡದ್ದು ಕಾರು, ರಕ್ತ, ಇವನು. ನಾನು ಬರೋಷ್ಟ್ರಲ್ಲೇ ಬಿದ್ದಿದ್ದ ಎಂದರೂ ಯಾರೂ ನಂಬಲಿಲ್ಲ, ಯಾರೋ ಇವನ ಕೆನ್ನೆಗೆ ಬಾರಿಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಮಂಜೂರ್ ಹೋದ. ಸ್ಟೇಷನ್ನಿನಲ್ಲಿ ಕೇಳಿದರು, ಅವಳು ಹೇಳಿದಳು, ಕಾರು ಅಲ್ಲೇ ನಿಂತಿತ್ತು ಸಾರ್, ಅವರ ಕೈಗೆಲ್ಲ ರಕ್ತ ಆಗಿತ್ತು, ಮಂಜೂರಣ್ಣ ಅವರ ಮುಂದೆ ಬಿದ್ದಿದ್ದ. ಇನ್ನೇನಾದ್ರೂ ಐತೇನಮ್ಮ? ಅಷ್ಟೇ ಸಾರ್. ಒಂದೊಂದು ಮಾತೂ ನಿಜ, ಸುಳ್ಳೆಂದರೆ ಆ ಅಷ್ಟೇ ಎಂಬುದೊಂದೇ, ಅವನ ಜಗಲಿಯಲ್ಲಿ ಹುಟ್ಟಿದ ವಿದ್ಯೆಯನ್ನು ಅವನಿಗೇ ತಿರುಗಿಸಿದ್ದಾಯಿತು, ಅವತ್ತು ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡು ಮಲಗಿದಳು.

ತಪ್ಪೇನು? ತಪ್ಪು ಮಾಡಿದವನಿಗೆ ಶಿಕ್ಷೆಯಾಗುತ್ತಿದೆ, ಯಾವ ತಪ್ಪಿಗೆ ಎಂಬುದನ್ನು ಕಟ್ಟಿಕೊಂಡು ಏನಾಗಬೇಕು, ಮಾಡಿದ್ದಕ್ಕೆ ಯಾವ ಕೋರ್ಟೂ ಕರೆಯಲಿಲ್ಲ, ನನ್ನ ಬಾಯಿಂದ ಕೇಳಬ್ಯಾಡ್ರಿ ಅಂದದ್ದಕ್ಕೆ ಯಾವ ಸೆಕ್ಷನ್ನೂ ಇಲ್ಲ, ಮಾಡದ್ದಕ್ಕಾದರೂ ಅನುಭವಿಸಲಿ, ನ್ಯಾಯ ಹಿತ್ತಲ ಬಾಗಿಲಿಂದ ಬಂದರೆ ಬೇಡವೆನ್ನಲೇ — ಇದನ್ನೇ ಮೇಘಕ್ಕನಿಗೆ ಫೋನಿನಲ್ಲಿ ಹೇಳಿದ್ದಳು, ಸಿಕ್ಕಿಬಿದ್ದ ಕಣಕ್ಕ, ನಾನೇ ಸಾಕ್ಷಿ, ಬಿಡಲ್ಲ, ಅಕ್ಕ ಕುಣಿಯುತ್ತಾಳೆ ಅಂದುಕೊಂಡಿದ್ದಳು, ಅಳುತ್ತಾಳೆ ಎಂದಾದರೂ, ಅಕ್ಕ ಕೇಳಿದ್ದು ಇಷ್ಟೇ, ಸತ್ತೋನಿಗೆ ಮಕ್ಳು ಅದಾವೇನೆ? ಒಂದು ಹೆಣ್ಣುಮಗು ಐತೆ. ಅಯ್ಯೋ, ಎಂದು ಫೋನ್ ಇಟ್ಟಳು, ಅವನ ಹೆಸರನ್ನೂ ಎತ್ತಲಿಲ್ಲ, ಮರೆತಳೇ, ಅವಳು ಮರೆತರೂ ನಾನು ಮರೆಯುವವಳಲ್ಲ. ನಮಾಜಿಗೆ ಕೂತ್ರೂ ಅವನ ಮುಖಾನೇ ಅಕ್ಕಾ, ರಹೀಮುನ್ನೀಸಾ ಪಿಸುಗುಟ್ಟುತ್ತಾಳೆ, ಅಲ್ಲಾನ ಹತ್ರ ಏನೂ ಕೇಳಾಕೆ ಆಗಲ್ಲ, ಬರೀ ಶಾಪ ಬರುತ್ತೆ, ಮಗಳಿಗೂ ಅವನ ಫೋಟೊ ತೋರಿಸಿದೀನಿ, ನಿಮ್ಮಪ್ಪನ್ನ ಕೊಂದೋನು ಇವನೇ, ನೆನಪಿಟ್ಕೋ ಅಂತ. ಇಟ್ಟುಕೊಳ್ಳಲಿ, ಎಂದುಕೊಂಡಳು ಸಂಧ್ಯಾರಾಣಿ — ಆದರೆ ಆ ಮಗು ನೆನಪಿಟ್ಟುಕೊಳ್ಳುವ ಮುಖ ನೀರು ತರ್ರೋ ಎಂದು ಕೂಗಿದವನದು, ನೀರಿದ್ದೂ ಕೊಡದವಳದಲ್ಲ, ಟಿಪ್ಪರಿನವನು ಎಲ್ಲೋ ಉಂಡು ಬೀಡಿ ಹಚ್ಚಿರುತ್ತಾನೆ, ಮತ್ತೆ ಇವನು, ಇವನು ಜೈಲಿನಲ್ಲಿ ಕೂತು ಏನೆಂದುಕೊಳ್ಳುತ್ತಾನೆ? ಮೇಘಶ್ರೀಗೆ ಮಾಡಿದ್ದು ತಟ್ಟಿತು ಎನ್ನುತ್ತಾನೆಯೇ? ಎಲ್ಲಿ ಬಂತು, ಒಳ್ಳೇದು ಮಾಡಾಕೆ ಹೋಗಿ ಕೆಟ್ಟೆ ಎನ್ನುತ್ತಾನೆ, ಪುಣ್ಯವಂತನಂತೆ ಗಡ್ಡ ಬಿಟ್ಟುಕೊಂಡು ಹೊರಗೆ ಬರುತ್ತಾನೆ, ಊರು ಹಾರ ಹಾಕುತ್ತದೆ, ಇಷ್ಟು ವರ್ಷ ಕಾದು ನಾನು ಅವನಿಗೆ ಕೊಡುತ್ತಿರುವುದು ಇದನ್ನೇ? ಇಲ್ಲ, ಅವನು ಮಾಡಿದ್ದಕ್ಕೇ ಅನುಭವಿಸಬೇಕು, ಅದಕ್ಕೇ ಆಗಬೇಕು, ಇನ್ನೊಬ್ಬರದಕ್ಕಲ್ಲ — ಸಂಧ್ಯಾರಾಣಿ, ಸಂಧ್ಯಾರಾಣಿ, ಸಂಧ್ಯಾರಾಣಿ, ಬಾಗಿಲಲ್ಲಿ ಕೂಗುತ್ತಿದ್ದಾರೆ.

ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ, ಹೇಳಿದ್ದಾಯಿತು, ಕಟಕಟೆಯ ಮರ ಎಷ್ಟೋ ಕೈಗಳ ಬೆವರಿಗೆ ನುಣುಪಾಗಿದೆ, ನೋಡಿದ್ದನ್ನ ಹೇಳ್ರಿ ಎಂದರು ಸರ್ಕಾರಿ ವಕೀಲರು. ಕಾರು ಗುದ್ದಲಿಲ್ಲ ಸಾರ್. ಏನಂದ್ರಿ? ಕಾರು ಆಮೇಲೆ ಬಂತು, ಗುದ್ದಿದ್ದು ಟಿಪ್ಪರ್, ಇವರು ಎತ್ತಾಕೆ ಇಳಿದ್ರು. ಸ್ಟೇಷನ್ನಲ್ಲಿ ಹೀಗೆ ಹೇಳಿಲ್ಲವಲ್ಲ? ಹೇಳಿದ್ದು ನಿಜಾನೇ ಸಾರ್, ಪೂರ್ತಿ ಹೇಳಿರಲಿಲ್ಲ. ನಂಬರು? ನೋಡಲಿಲ್ಲ, ಹಳದಿ ಬಣ್ಣ, ಹಿಂದಿನ ಡೋರಿಗೆ ನವಿಲು ಬರೆದಿತ್ತು. ಮ್ಯಾಜಿಸ್ಟ್ರೇಟರು ತಲೆ ಎತ್ತಿ ಅವಳನ್ನೇ ನೋಡಿದರು, ಹಿಂದೆ ಬಾಗಿಲ ಹತ್ತಿರ ಯಾ ಅಲ್ಲಾ ಎಂದದ್ದು ಕೇಳಿಸಿತು, ಅವಳು ತಿರುಗಲಿಲ್ಲ.

ಪಡಸಾಲೆಗೆ ಬಂದೊಡನೆ ಗುರುಬಸವರಾಜ ಎದುರು ಬಂದು ಕೈ ಮುಗಿದ, ತಾಯೀ, ಈ ಋಣ ಹೆಂಗೆ ತೀರಿಸ್ಲಿ, ಇದಕ್ಕೇ ಕಾದಿದ್ದಳು, ವಕೀಲರು, ಅವನ ಕಡೆಯ ಜನ, ಚಹಾ ಹಿಡಿದು ನಿಂತವರು ಎಲ್ಲರೂ ತಿರುಗುವಂತೆ ದನಿ ಎತ್ತಿದಳು, ನಿಮ್ಮ ಋಣ ನನಗೆ ಬ್ಯಾಡ, ನಾನು ನಿಜ ಹೇಳಿದೀನಿ, ಈಗ ನೀವು ಹೇಳ್ರಿ, ನಮ್ಮಕ್ಕ ಮೇಘಶ್ರೀ ಬಗ್ಗೆ ಜಗಳೂರಿನೋರಿಗೆ ಏನಂದ್ರಿ, ಯಾಕಂದ್ರಿ? ಮುಗಿದ ಕೈ ಕೆಳಗಿಳಿಯಿತು. ಇಲ್ಲ ಎನ್ನುತ್ತಾನೆ, ಎನ್ನಲಿ, ಉಗಿಯಲು ಬಾಯಿ ಸಿದ್ಧವಾಗಿತ್ತು — ಅಂದಿದ್ದೆ ಕಣವ್ವ, ಅಂದ ಅವನು. ಆ ಹುಡುಗೀದು ಏನೂ ತಪ್ಪಿರಲಿಲ್ಲ. ನಿಮ್ಮಪ್ಪ ಹೆಣ್ಣು ಕೊಡಲಿಲ್ಲ ಅಂತ ಹೊಟ್ಟೇಲಿ ಕಿಚ್ಚಿತ್ತು, ಅಂದುಬಿಟ್ಟೆ. ಅವನ ಕಡೆಯವರು ಮುಖ ತಿರುಗಿಸಿದರು, ಒಬ್ಬ ಚಹಾದ ಲೋಟ ಕೆಳಗಿಟ್ಟು ಹೊರಗೆ ನಡೆದ. ಆಯಿತು. ಇಷ್ಟು ವರ್ಷದ್ದು ಇಷ್ಟರಲ್ಲೇ ಆಗಿಹೋಯಿತು, ಮೇಘಕ್ಕನಿಗೆ ಈಗಲೇ ಫೋನ್ ಮಾಡಬೇಕು, ಅವನೇ ಒಪ್ಪಿದ ಕಣಕ್ಕ, ಎಲ್ಲರ ಮುಂದೆ — ಯಾರೋ ತೋಳು ಹಿಡಿದು ತಿರುಗಿಸಿದರು. ರಹೀಮುನ್ನೀಸಾ. ಟಿಪ್ಪರ್ ಅಂದ್ರಲ್ಲ ಅಕ್ಕಾ, ಅವತ್ತೇ ಅಂದಿದ್ರೆ ಸಿಗ್ತಿತ್ತಲ್ವಾ? ಸಿಗುತ್ತಿತ್ತು, ನವಿಲು ಬರೆದ ಟಿಪ್ಪರ್ ತಾಲ್ಲೂಕಿನಲ್ಲಿ ಎಷ್ಟಿರುತ್ತವೆ. ಇವರ ಮೇಲೆ ನಿಮಗೆ ಸಿಟ್ಟು ಐತೆ, ಈಗ ಕೇಳಿಸ್ಕೊಂಡೆ, ಅದು ಸರಿ. ನಮ್ಮನೆಯೋರು ನಿಮಗೇನ್ ಮಾಡಿದ್ರು? ಹೇಳಬೇಕು, ಅವನು ಹೇಳಿದ ಹಾಗೇ ಹೇಳಿಬಿಡಬೇಕು, ಕಿಚ್ಚಿತ್ತು ಕಣಮ್ಮ ಎಂದು, ಅವನಿಗೇ ಬಂದ ಮಾತು ನನಗೆ ಬಾರದೇ, ಮೇಘಕ್ಕನ ಮುಖ ನೆನೆದಳು, ಅದು ಬರಲಿಲ್ಲ, ಅಪ್ಪನದು ನೆನೆದಳು, ಅದೂ ಇಲ್ಲ, ಹೊರಗೆ ಹೊರಟ ಬಸ್ಸಿನ ಹಾರ್ನು, ಹತ್ತಿ ಹೋಗಿಬಿಡಬೇಕು, ಅಂಗಡಿ ತೆಗೆಯಬೇಕು, ರವಿಕೆಗಳು ಬಾಕಿ ಇವೆ, ಎಲ್ಲಿಗೆ ಹೊರಟರೂ ಎದುರಿಗೆ ಆ ಕಣ್ಣು, ಬೆಳಿಗ್ಗೆಯಿಂದ ಅವನ ಮೇಲಿದ್ದದ್ದು ಈಗ ತನ್ನ ಮೇಲೆ ನೆಟ್ಟ ಕಣ್ಣು, ನೀರಿಲ್ಲ, ರೆಪ್ಪೆ ಬಡಿಯುವುದಿಲ್ಲ, ಉಗಿದಾದರೂ ಉಗಿಯಬಾರದೇ, ಉಗಿಯುವುದಿಲ್ಲ, ಆ ಕಣ್ಣು, ಉತ್ತರಕ್ಕೆ ಕಾದು ನಿಂತ ಆ ಕಣ್ಣು, ಆ ಕಣ್ಣು.