ಹಸಿರು ಚುಕ್ಕೆಯ ಬೇಸಿಗೆ

ರೊಡೆಲ್ ಕೆಲಸ ಮಾಡುತ್ತಿದ್ದ ಹಡಗಿಗೆ ಉಪಗ್ರಹದ ಇಂಟರ್ನೆಟ್ ಬಂದದ್ದು ಹಿಂದಿನ ವರ್ಷ. ಅದಕ್ಕೂ ಮೊದಲು ಅವನು ಬಂದರಿನಲ್ಲಿದ್ದಾಗ ಮಾತ್ರ ಮಾತಿಗೆ ಸಿಗುತ್ತಿದ್ದ. ಬ್ರೆಜಿಲಿನಲ್ಲಿ ಸಕ್ಕರೆ ತುಂಬಿಸಿಕೊಂಡು ಹೊರಟರೆ ಮುಂದಿನ ದಡ ಮುಟ್ಟುವವರೆಗೆ ಗಿಮಾರಾಸ್ ದ್ವೀಪದ ಅವನ ಮನೆಗೆ ಸುದ್ದಿ ಇರುತ್ತಿರಲಿಲ್ಲ. ಯಾರೂ ಅದನ್ನು ನಿರೀಕ್ಷಿಸುತ್ತಲೂ ಇರಲಿಲ್ಲ. ನಡುವಿನ ಆ ದಿನಗಳನ್ನು ಅವನ ಹೆಂಡತಿ ಜೊವೆಲಿನ್ ತನ್ನವೆಂದುಕೊಂಡಿದ್ದಳು. ಹಾಗೆಂದು ಯಾರಿಗೂ ಹೇಳಿರಲಿಲ್ಲ. ಗಂಡನ ಸುದ್ದಿ ಇಲ್ಲದ ದಿನಗಳಲ್ಲಿ ನಾವಿಕನ ಹೆಂಡತಿ ನೆಮ್ಮದಿಯಾಗಿದ್ದಳು ಎಂದರೆ ಊರು ಬೇರೆಯೇ ಅರ್ಥ ಮಾಡಿಕೊಳ್ಳುತ್ತದೆ.

ಈಗ ಅವನು ಎಂಜಿನ್ ಕೋಣೆಯ ಪಾಳಿ ಮುಗಿಸಿ ಮಲಗುವ ಮೊದಲು, ಎದ್ದ ಮೇಲೆ, ಊಟದ ನಡುವೆ, ಯಾವಾಗ ಬೇಕಾದರೂ ಫೋನಿನಲ್ಲಿರುತ್ತಿದ್ದ. ಅವನಿದ್ದಾಗ ಅವಳೂ ಇರಬೇಕು. ಅವನು ಇಲ್ಲದಾಗ ನಾವಿಕರ ಹೆಂಡತಿಯರ ಗುಂಪು ಇತ್ತು. ಅಲ್ಲಿ ಬೆಳಗಿನ ತಿಂಡಿಯಿಂದ ಹಿಡಿದು ಕಿಟಕಿಯ ಹೊಸ ಪರದೆಯವರೆಗೆ ಎಲ್ಲದರ ಚಿತ್ರ ಬೀಳುತ್ತಿತ್ತು. ಒಬ್ಬಳು ಗಂಡ ಕಳಿಸಿದ ಪೆಟ್ಟಿಗೆ ಬಿಚ್ಚಿದರೆ ಉಳಿದವರು ಹೃದಯದ ಗುರುತು ಒತ್ತಬೇಕು. ಒತ್ತದವಳ ಹೆಸರು ಸಂಜೆಯೊಳಗೆ ಇನ್ನೊಂದು ಸಣ್ಣ ಗುಂಪಿನಲ್ಲಿ ಚರ್ಚೆಗೆ ಬರುತ್ತಿತ್ತು. ಜೊವೆಲಿನ್ ಎರಡೂ ಗುಂಪುಗಳಲ್ಲಿದ್ದಳು.

ಮಾರ್ಚ್ ತಿಂಗಳ ಒಂದು ಭಾನುವಾರ ಅವಳು ತೊಗರಿಕಾಳು, ಎಳೆ ಹಲಸು ಹಾಕಿ ಹಂದಿಮಾಂಸದ ಸಾರು ಮಾಡಿದಳು. ಅತ್ತೆ ಪಸಿಂಗ್ ಮೇಜಿಗೆ ಬಂದು ಕೂತವರು ಚಮಚ ಮುಟ್ಟದೆ ಕೈಕಟ್ಟಿಕೊಂಡಿದ್ದರು. ಜೊವೆಲಿನ್ ಅವರನ್ನು ನಾನಾಯ್ ಎಂದೇ ಕರೆಯುತ್ತಿದ್ದಳು. ಅಲ್ಲಿ ಅಮ್ಮನಿಗೂ ಅತ್ತೆಗೂ ಅದೇ ಮಾತು. ಊಟ ಮಾಡಿ ನಾನಾಯ್ ಎಂದರೆ, "ನೀನಿನ್ನೂ ಫೋಟೊ ತೆಗ್ದಿಲ್ವಲ್ಲ" ಎಂದರು. ಅಷ್ಟರಲ್ಲಿ ಸಾರು ಆರಿತ್ತು. ಈ ಬೇಸಿಗೆಗೆ ಇದೆಲ್ಲ ಸಾಕು ಎಂದು ಜೊವೆಲಿನ್ ತೀರ್ಮಾನಿಸಿದ್ದು ಆ ಮಧ್ಯಾಹ್ನ.

ಫೋನಿನಿಂದ ಫೇಸ್‌ಬುಕ್ ತೆಗೆದುಹಾಕಿದಳು. ಮಳೆ ಶುರುವಾಗುವವರೆಗೆ ತಾನು ಇರುವುದಿಲ್ಲ ಎಂದು ಎರಡೂ ಗುಂಪುಗಳಿಗೆ ಬರೆದು ಹೊರಬಂದಳು. ಸನ್ಯಾಸಿನಿ ಆಗೋಕೆ ಕಾನ್ವೆಂಟ್ ಸೇರ್ತಿದ್ದೀಯಾ, ರೊಡೆಲ್‌ಗೆ ಗೊತ್ತಾ ಎಂದು ಒಬ್ಬಳು ಕೇಳಿದ್ದಳಂತೆ. ಅದು ಆಮೇಲೆ ಪೇಟೆಯಲ್ಲಿ ಯಾರೋ ಹೇಳಿ ತಿಳಿಯಿತು. ರೊಡೆಲ್‌ಗೆ ಗೊತ್ತಿತ್ತು. ಅವನು ನಕ್ಕು ಒಪ್ಪಿದ್ದ. "ನನ್ನೊಬ್ಬನ್ನ ಅಳಿಸಿಹಾಕ್ಬೇಡ ಗಾ" ಎಂದಿದ್ದ. ಗಂಡಹೆಂಡಿರಿಬ್ಬರೂ ಒಬ್ಬರನ್ನೊಬ್ಬರು ಗಾ ಎಂದೇ ಮುದ್ದಿನಿಂದ ಕರೆಯುತ್ತಿದ್ದರು. ಮೆಸೆಂಜರ್ ಇರಲಿ, ಆದರೆ ಮಾತು ದಿನಕ್ಕೊಂದೇ ಸಲ ಎಂದಾಯಿತು. ಇಲ್ಲಿ ರಾತ್ರಿಯೂಟ ಮುಗಿದಾಗ ಅವನಿಗಲ್ಲಿ ಬೆಳಗು, ಪಾಳಿಗೆ ಇಳಿಯುವ ಮುಂಚಿನ ಹೊತ್ತು. ಹಗಲಲ್ಲಿ ಅವಳು ಮಾವಿನ ತೋಟದ ಕೆಲಸಕ್ಕೆ ಹೋಗುತ್ತಾಳೆ, ಫೋನ್ ಒಯ್ಯುವುದಿಲ್ಲ.

ಹಾಗೆಂದು ಆರಿಸಿಡುವಂತಿರಲಿಲ್ಲ. ನಾವಿಕರ ಮನೆಗಳಲ್ಲಿ ಫೋನ್ ಆರಿಸುವುದಿಲ್ಲ. ಹಡಗಿಗೆ ಏನಾದರೂ ಆದರೆ ಕಂಪನಿಯವರು ಕರೆ ಮಾಡುವುದು ಆ ಸಂಖ್ಯೆಗೆ. ಆರಿಸಿದರೆ ಸಮುದ್ರಕ್ಕೆ ಗೊತ್ತಾಗುತ್ತದೆ ಎನ್ನುವ ಹಿರಿಯರೂ ಇದ್ದಾರೆ. ಆದ್ದರಿಂದ ಜೊವೆಲಿನ್ ಫೋನನ್ನು ಅತ್ತೆಯ ಕೈಗೆ ಕೊಟ್ಟಳು. ಗಂಟೆ ಹೊಡೆದರೆ ಹಸಿರು ಗುಂಡಿ ಒತ್ತಿ, ಬೇರೇನೂ ಮುಟ್ಟಬೇಡಿ ಎಂದು ಹೇಳಿಕೊಟ್ಟಳು. ಅತ್ತೆ ಎರಡೂ ಕೈಗಳನ್ನು ಅಂಗಿಗೆ ಒರೆಸಿಕೊಂಡು ಅದನ್ನು ತೆಗೆದುಕೊಂಡರು.

ತೋಟದಲ್ಲಿ ಅದು ಕಾಯಿಗೆ ಚೀಲ ಹಾಕುವ ಕಾಲ. ಹಳೆಯ ಪತ್ರಿಕೆಯ ಹಾಳೆಗಳನ್ನು ಮಡಿಸಿ ಅಂಟಿಸಿದ ಚೀಲದೊಳಗೆ ಒಂದೊಂದೇ ಮಾವಿನಕಾಯಿಯನ್ನು ಸೇರಿಸಿ, ಬಾಯಿಯನ್ನು ತೆಂಗಿನ ಗರಿಯ ಕಡ್ಡಿಯಿಂದ ಚುಚ್ಚಿ ಮುಚ್ಚಬೇಕು. ಇಲ್ಲದಿದ್ದರೆ ನೊಣ ಕೂತು ಹಣ್ಣಿಗೆ ಹುಳ ಹಿಡಿಯುತ್ತದೆ. ಮೇಲಿನ ಕೊಂಬೆಗಳು ಗಂಡಸರಿಗೆ, ಬಿದಿರೇಣಿಗೆ ಸಿಗುವವು ಹೆಂಗಸರಿಗೆ. ಹೆಂಗಸರ ತಂಡದ ಮುಂದಾಳು ಲುಡಿಂಗ್ ಎಂಬ ಐವತ್ತು ದಾಟಿದ ಹೆಂಗಸು. ಅವಳಿಗೆ ಗುಟ್ಟು ಎಂಬುದು ಗೊತ್ತಿರಲಿಲ್ಲ, ಆದರೆ ಕೆಡುಕೂ ಗೊತ್ತಿರಲಿಲ್ಲ.

ಮೊದಲ ದಿನಗಳಲ್ಲಿ ಜೊವೆಲಿನ್‌ಳ ಕೈ ತಾನೇ ತಾನಾಗಿ ಜೇಬಿಗೆ ಹೋಗುತ್ತಿತ್ತು. ಆಮೇಲೆ ನಿಂತಿತು. ಏಣಿಯ ಮೇಲೆ ನಿಂತು ಚೀಲದ ಮೇಲಿನ ಹಳೆಯ ಸುದ್ದಿ ಓದುತ್ತಿದ್ದಳು: ಎಲ್ಲಿಯೋ ಸೇತುವೆಯ ಉದ್ಘಾಟನೆ, ಯಾರದೋ ಮದುವೆಯ ಬೆಳ್ಳಿಹಬ್ಬ. ಅವುಗಳಿಗೆ ಅವಳು ಹೃದಯದ ಗುರುತು ಒತ್ತಬೇಕಾಗಿರಲಿಲ್ಲ. ತೋಟದಾಚೆ ಸಮುದ್ರ ಕಾಣುತ್ತಿತ್ತು. ಅದನ್ನು ಹೇಗೆ ವರ್ಣಿಸಿ ಬರೆಯಲಿ ಎಂದು ತಾನು ಯೋಚಿಸುತ್ತಿಲ್ಲ ಎಂಬುದು ಒಂದು ಮಧ್ಯಾಹ್ನ ಅವಳ ಗಮನಕ್ಕೆ ಬಂತು.

ಅದೇ ಹೊತ್ತಿಗೆ ರೊಡೆಲ್‌ನ ಮಾತು ಕಡಿಮೆಯಾಯಿತು. ರಾತ್ರಿಯ ಕರೆಯಲ್ಲಿ ಹೂಂ, ಉಹೂಂ ಎಂದಷ್ಟೇ ಹೇಳಿ ಪಾಳಿಗೆ ಹೊತ್ತಾಯಿತು ಎನ್ನುತ್ತಿದ್ದ. ಕಣ್ಣು ಕೆಂಪಾಗಿರುತ್ತಿತ್ತು. ಎಂಜಿನ್ ಕೋಣೆಯ ಬಿಸಿ ಎಂದು ಅವಳು ಭಾವಿಸಿದಳು. ಒಂದು ಸಂಜೆ ಮನೆಗೆ ಬಂದು ಫೋನ್ ನೋಡಿದರೆ ಅವನ ಒಂದೇ ಪದದ ಸಂದೇಶವಿತ್ತು: ಗಾ? ಮಧ್ಯಾಹ್ನ ಕಳಿಸಿದ್ದು. ರಾತ್ರಿ ಅವಳು ಕರೆ ಮಾಡಿದಾಗ ಎತ್ತಲಿಲ್ಲ. ಮರುದಿನ ಎತ್ತಿದ.

"ಯಾರ ಜೊತೆ ಮಾತಾಡ್ತೀಯ ಹಗಲೆಲ್ಲ?" ಎಂದು ಕೇಳಿದ.

ಅವಳಿಗೆ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ಇಲ್ಲಿ ಮಧ್ಯಾಹ್ನವಾದಾಗ ಅವನಿಗೆ ನಡುರಾತ್ರಿ, ಆಗ ಪಾಳಿ ಮುಗಿಯುತ್ತದೆ. ಮಲಗಿಕೊಂಡು ನೋಡಿದರೆ ಅವಳ ಹೆಸರಿನ ಪಕ್ಕ ಹಸಿರು ಚುಕ್ಕೆ. ಅಂದರೆ ಅವಳು ಮೆಸೆಂಜರ್ ತೆರೆದುಕೊಂಡಿದ್ದಾಳೆ. ನಿದ್ದೆ ಬಾರದೆ ಮತ್ತೆ ನೋಡಿದರೂ ಹಸಿರು. ಕೊನೆಗೆ ಪರೀಕ್ಷೆಗೆಂದು ಒಂದು ಮಾತು ಕಳಿಸಿದ. ಕಳಿಸಿದ ಕೂಡಲೇ ಓದಿದ ಗುರುತು ಬಿತ್ತು. ಉತ್ತರ ಬರಲಿಲ್ಲ.

ಫೋನ್ ನಾನಾಯ್ ಹತ್ತಿರ ಇರುತ್ತದೆ ಎಂದಳು ಜೊವೆಲಿನ್. ನಾನಾಯ್‌ಗೆ ಅದನ್ನು ತೆರೆಯುವುದಕ್ಕೇ ಬರುವುದಿಲ್ಲ ಎಂದ ಅವನು. ಅವಳು ಅಡುಗೆಮನೆಯಲ್ಲಿದ್ದ ಅತ್ತೆಯನ್ನು ಕರೆದು ಪರದೆಯ ಮುಂದೆ ನಿಲ್ಲಿಸಿದಳು. ಹೇಳಿ ನಾನಾಯ್, ಮಧ್ಯಾಹ್ನ ಫೋನ್ ತೆರೆದಿದ್ದು ನೀವು ತಾನೇ ಎಂದಳು.

ಅತ್ತೆ ಮಗನನ್ನು ನೋಡಿದರು. ಸೊಸೆಯನ್ನು ನೋಡಿದರು.

"ನಾನ್ ಮುಟ್ಟಿಲ್ಲಪ್ಪ" ಎಂದರು. "ಗಂಟೆ ಹೊಡೀಲಿಲ್ಲ. ನಾನ್ಯಾಕೆ ಮುಟ್ಲಿ?" ಎಂದು ಸೌಟು ಹಿಡಿದು ಒಳಗೆ ಹೋದರು.

ಆಮೇಲೆ ಜೊವೆಲಿನ್ ಹೇಳಿದ ಯಾವ ಮಾತೂ ನಿಲ್ಲಲಿಲ್ಲ. ತೋಟದ ಹೆಂಗಸರನ್ನು ಕೇಳು ಎಂದಳು. ನಿನ್ನ ಗೆಳತಿಯರು ನಿನ್ನ ಪರವಾಗಿಯೇ ಹೇಳುತ್ತಾರೆ ಎಂದ. ಅವನ ದನಿ ಏರಿರಲಿಲ್ಲ, ಸುಸ್ತಾಗಿತ್ತು.

"ಮೊದ್ಲು ಬಂದರು ಬರೋವರ್ಗೂ ನಿನ್ನ ಸುದ್ದೀನೇ ಇರ್ತಿರ್ಲಿಲ್ಲ" ಎಂದಳು ಅವಳು. "ನಾನು ಯಾವತ್ತಾದ್ರೂ ಕೇಳಿದ್ನಾ, ಯಾರ ಜೊತೆ ಇದ್ದೆ ಅಂತ?"

"ಆಗ ಚುಕ್ಕೆ ಕಾಣ್ತಿರ್ಲಿಲ್ಲ ಗಾ. ಈಗ ಕಾಣುತ್ತೆ. ಕಂಡ್ಮೇಲೆ ಏನ್ಮಾಡ್ಲಿ?"

ಪರಿಹಾರವನ್ನು ಅವನೇ ಸೂಚಿಸಿದ. ಫೋನ್ ತೋಟಕ್ಕೆ ಒಯ್ಯಲಿ, ಅವನಿಗೆ ನಿದ್ದೆ ಬರುವವರೆಗೆ ವಿಡಿಯೊ ಕರೆ ಹಾಕಿಟ್ಟಿರಲಿ. ಮಾತಾಡಬೇಕೆಂದೇನೂ ಇಲ್ಲ, ಸುಮ್ಮನೆ ಕಾಣುತ್ತಿದ್ದರೆ ಸಾಕು.

ಮರುದಿನದಿಂದ ಜೊವೆಲಿನ್ ಫೋನನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಾಕಿ ಎದುರಿನ ಕೊಂಬೆಗೆ ಕಟ್ಟುತ್ತಿದ್ದಳು. ಏಣಿ ಬದಲಿಸಿದಾಗಲೆಲ್ಲ ಅದನ್ನೂ ಬಿಚ್ಚಿ ಬೇರೆ ಕೊಂಬೆಗೆ ಕಟ್ಟಬೇಕು. ಪರದೆಯಲ್ಲಿ ರೊಡೆಲ್ ಕತ್ತಲ ಕೋಣೆಯಲ್ಲಿ ಅಡ್ಡ ಮಲಗಿರುತ್ತಿದ್ದ, ಮುಖದ ಮೇಲೆ ನೀಲಿ ಬೆಳಕು. ಹೆಂಗಸರು ಹಾಡುವುದನ್ನು ಬಿಟ್ಟರು. ಗಂಡಂದಿರ ಬಗ್ಗೆ ಮಾತಾಡುವುದನ್ನೂ ಬಿಟ್ಟರು. ಲುಡಿಂಗ್ ಮಾತ್ರ ಬಾಯಿ ಮುಚ್ಚಲಿಲ್ಲ. "ಇಂದಾಯ್, ನಿನ್ನ ಗಂಡನ್ನ ಸ್ವಲ್ಪ ಆ ಕಡೆ ತಿರುಗ್ಸಮ್ಮ, ನಾನು ಲಂಗ ಎತ್ಕೊಂಡು ಇಳೀಬೇಕು" ಎಂದಳು. ಇಂದಾಯ್ ಎಂದು ಅಲ್ಲಿ ಮಗಳ ವಯಸ್ಸಿನವರನ್ನು ಕರೆಯುತ್ತಾರೆ. ಎಲ್ಲರೂ ನಕ್ಕರು. ರೊಡೆಲ್ ಕೂಡ ನಕ್ಕ. ಜೊವೆಲಿನ್ ಫೋನ್ ತಿರುಗಿಸಿದಳು, ಮತ್ತೆ ಸರಿಯಾಗಿ ತಿರುಗಿಸುವಾಗ ಕೊಂಚ ತಡ ಮಾಡಿದಳು. ಎಲ್ಲಿ ಹೋದೆ ಎಂಬ ಪ್ರಶ್ನೆ ಕೊಟ್ಟೆಯೊಳಗಿನಿಂದ ಬಂತು.

ಮನೆಯಲ್ಲಿ ಅತ್ತೆ ಮಂಕಾಗಿದ್ದರು. ನಾಳೆ ಫೋನ್ ಬಿಟ್ಟು ಹೋಗುತ್ತೀಯಾ ಎಂದು ದಿನಾ ಸಂಜೆ ಕೇಳುತ್ತಿದ್ದರು. ಕಂಪನಿಯವರು ಮಾಡಿದರೆ ಎಂಬ ನೆಪ ಹೇಳುತ್ತಿದ್ದರು. ಜೊವೆಲಿನ್ ಚುಟುಕಾಗಿ ಉತ್ತರಿಸಿ ತಟ್ಟೆ ತೊಳೆಯಲು ಹೋಗುತ್ತಿದ್ದಳು.

ಶುಭ ಶುಕ್ರವಾರ, ಅಂದರೆ ಗುಡ್ ಫ್ರೈಡೇ, ಬಂತು. ಅಂದು ಆ ದ್ವೀಪದಲ್ಲಿ ಯಾರೂ ಮೊಳೆ ಹೊಡೆಯುವುದಿಲ್ಲ, ಜೋರಾಗಿ ನಗುವುದಿಲ್ಲ, ಮಕ್ಕಳನ್ನು ಓಡಲು ಬಿಡುವುದಿಲ್ಲ. ತೋಟಕ್ಕೂ ರಜೆ. ಅಂದೊಂದು ದಿನ ಕರೆ ಬೇಡ ಎಂದು ರೊಡೆಲ್ ತಾನೇ ಹೇಳಿದ್ದ. ಊಟವಾದ ಮೇಲೆ ಜೊವೆಲಿನ್ ಫೋನನ್ನು ಕಪಾಟಿನ ಮೇಲಿಟ್ಟು ಚಾಪೆಯ ಮೇಲೆ ಉರುಳಿದಳು. ಎಚ್ಚರವಾದಾಗ ಮನೆ ನಿಶ್ಶಬ್ದವಾಗಿತ್ತು.

ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಕೈಯಲ್ಲಿ ಫೋನ್. ತೋರುಬೆರಳು ಪರದೆಯ ಮೇಲೆ ನಿಧಾನವಾಗಿ, ಅಭ್ಯಾಸವಾದವರ ಹಾಗೆ ಸರಿಯುತ್ತಿತ್ತು. ಮಗ ಸೊಸೆಗೆ ಕಳಿಸಿದ ಸಂದೇಶಗಳು ಒಂದರ ಹಿಂದೊಂದು ಹೋದವು. ಚಿತ್ರ ಬಂದಲ್ಲಿ ಬೆರಳು ನಿಂತಿತು. ಕೆಲಸದ ಬಟ್ಟೆಯಲ್ಲಿ, ಮೈಗೆಲ್ಲ ಎಣ್ಣೆ ಮೆತ್ತಿಕೊಂಡು ನಿಂತಿದ್ದ ರೊಡೆಲ್. ಮುದುಕಿ ಎರಡು ಬೆರಳಿಂದ ಅವನ ಮುಖವನ್ನು ದೊಡ್ಡದು ಮಾಡಿ ನೋಡಿದರು. ಪರದೆ ಮಂಕಾಗತೊಡಗಿದರೆ ತಟ್ಟಿ ಎಬ್ಬಿಸಿದರು.

ಜೊವೆಲಿನ್ ಎದ್ದು ಕೂತಳು. ಅಷ್ಟೂ ಮಧ್ಯಾಹ್ನಗಳ ಹಸಿರು ಚುಕ್ಕೆ ಅಲ್ಲಿ ಕೂತಿತ್ತು.

"ಮುಟ್ಟಿಲ್ಲ ಅಂದ್ರಲ್ಲ ನಾನಾಯ್."

ಅತ್ತೆ ಬೆಚ್ಚಿ ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದರು.

"ನಾಚ್ಕೆ ಆಯ್ತು" ಎಂದರು. "ಅಕ್ಷರ ನಂಗೆ ಕಾಣಲ್ಲ, ನಿಮ್ಮ ಮಾತು ಓದ್ಲಿಲ್ಲ, ಆಣೆ. ಅವನು ಫೋನ್ ಮಾಡ್ದಾಗ ನಿನ್ ಹತ್ರ ಮಾತಾಡ್ತಾನೆ. ಸರೀನೆ, ನೀನು ಹೆಂಡ್ತಿ. ಕೊನೇಲಿ ನಂಗೆ ಮಾತ್ರೆ ತಗೊಂಡ್ಯಾ ಅಂತಾನೆ, ನಾನು ಹೂಂ ಅಂತೀನಿ, ಮುಗೀತು. ಇದ್ರೊಳಗಾದ್ರೆ ನಾನು ನೋಡಿದಷ್ಟೂ ಹೊತ್ತು ಇರ್ತಾನೆ." ಆಮೇಲೆ, "ಅವನಿಗೆ ಹೇಳ್ಬೇಡ. ಕದ್ದು ನೋಡ್ತಾಳೆ ನಮ್ಮಮ್ಮ ಅಂದ್ಕೋತಾನೆ" ಎಂದರು.

ಹೇಳಿದರೆ ತನ್ನ ಮೇಲಿನ ಅನುಮಾನ ಆ ಕ್ಷಣವೇ ಹೋಗುತ್ತದೆ ಎಂದು ಜೊವೆಲಿನ್‌ಗೆ ಗೊತ್ತಿತ್ತು. ಮುದುಕಿ ಮತ್ತೆ ಅಂಗಿಗೆ ಕೈ ಒರೆಸಿಕೊಳ್ಳುತ್ತಿದ್ದರು. ಜೊವೆಲಿನ್ ಹೇಳಲಿಲ್ಲ.

ಮರುದಿನ ರಾತ್ರಿ ಅವಳು ರೊಡೆಲ್ ಮುಂದೆ ಇನ್ನೊಂದು ದಾರಿ ಇಟ್ಟಳು. ಏಣಿಯ ಮೇಲೆ ಫೋನ್ ಅಪಾಯ, ಒಮ್ಮೆ ಜಾರುತ್ತಿದ್ದೆ ಎಂದಳು. ಅದು ನಿಜವೂ ಆಗಿತ್ತು. ಮಧ್ಯಾಹ್ನದ ಕರೆ ಮನೆಯಲ್ಲಿರಲಿ, ನಾನಾಯ್ ಜೊತೆ. ನಾನು ಹೋದದ್ದು ಬಂದದ್ದು ಅವರೇ ಹೇಳುತ್ತಾರೆ. ಅವನು ಕೊಂಚ ಯೋಚಿಸಿ ಒಪ್ಪಿದ.

ಫೋನ್ ಅಕ್ಕಿ ಡಬ್ಬಿಗೆ ಒರಗಿ ನಿಂತಿತು. ಮೊದಲ ಮಧ್ಯಾಹ್ನ ತಾಯಿ ಮಗನಿಗೆ ಮಾತು ಸಿಗಲಿಲ್ಲವಂತೆ; ಆಮೇಲೆ ನಿಲ್ಲಲಿಲ್ಲವಂತೆ. ಕರೆ ಕಡಿದುಹೋದಾಗ ಅತ್ತೆ ತಾವೇ ಮತ್ತೆ ಮಾಡಿದರು. "ನಾನಾಯ್ ಇಷ್ಟೆಲ್ಲ ಯಾವಾಗ ಕಲಿತ್ಲು?" ಎಂದು ರೊಡೆಲ್ ಆ ರಾತ್ರಿ ಕೇಳಿದ. ಜೊವೆಲಿನ್ ಊಟದ ತಟ್ಟೆಗಳನ್ನು ಎತ್ತತೊಡಗಿದಳು. ಅವನು ಮತ್ತೆ ಕೇಳದೆ ಹವಾಮಾನದ ಮಾತೆತ್ತಿದ. ಹಸಿರು ಚುಕ್ಕೆಯ ವಿಷಯ ಮತ್ತೆ ಬರಲಿಲ್ಲ.

ತೋಟದಲ್ಲಿ ಹಾಡು ಮರಳಿತು. ಬೇಸಿಗೆ ವಾಪಸು ಸಿಕ್ಕಿತು ಎಂದು ಜೊವೆಲಿನ್ ಒಂದು ವಾರ ನಂಬಿದ್ದಳು. ಆಮೇಲೆ ಅತ್ತೆ ಹೊಸಿಲಲ್ಲಿ ನಿಂತು ಎಷ್ಟು ಹೊತ್ತಿಗೆ ಬರುತ್ತೀ ಎಂದು ಕೇಳತೊಡಗಿದರು. ಅವನು ಕೇಳುತ್ತಾನೆ, ನಾನೇನು ಹೇಳಲಿ ಎನ್ನುತ್ತಿದ್ದರು. ಒಮ್ಮೆ ಬಾಡಿಗೆ ಬಂಡಿಯ ಚಕ್ರ ಪಂಕ್ಚರ್ ಆಗಿ ತಡವಾದಾಗ ಯಾರ ಬಂಡಿ, ಎಲ್ಲಿ ನಿಂತಿತು, ಜೊತೆಗೆ ಯಾರಿದ್ದರು ಎಂಬುದನ್ನೆಲ್ಲ ಅತ್ತೆ ವಿಚಾರಿಸಿ, ಅಕ್ಕಿ ಡಬ್ಬಿಯತ್ತ ತಿರುಗಿ ಒಪ್ಪಿಸಿದರು. ಅದರಲ್ಲಿ ಕೇಡಿರಲಿಲ್ಲ. ಮಗನಿಗೆ ಹೇಳಲು ಅವರ ಹತ್ತಿರ ಬೇರೆ ಸುದ್ದಿಯಿರಲಿಲ್ಲ, ಅಷ್ಟೆ. ಆ ಕಾವಲನ್ನು ಕೂರಿಸಿದ್ದು ತಾನೇ ಎಂಬುದನ್ನು ಜೊವೆಲಿನ್‌ಗೆ ಮರೆಯಲಾಗುತ್ತಿರಲಿಲ್ಲ.

ಮೇ ತಿಂಗಳಲ್ಲಿ ಕೊಯ್ಲು ಮುಗಿಯಿತು. ಕೊನೆಯ ದಿನ ಲುಡಿಂಗ್ ಎಲ್ಲರ ಕೈಗೆ ಮರದಲ್ಲೇ ಹಣ್ಣಾದ ಒಂದೊಂದು ಮಾವು ಇಟ್ಟಳು. ಜೊವೆಲಿನ್ ಬೇಗನೆ ಮನೆಗೆ ಬಂದಳು. ಗೇಟಿನ ಹತ್ತಿರ ನಿಂತಾಗ ತೆರೆದ ಕಿಟಕಿಯಿಂದ ರೊಡೆಲ್‌ನ ದನಿ ಕೇಳಿಸಿತು. ಅಲ್ಲಿ ಇನ್ನೂ ಬೆಳಗಾಗಿರಲಿಕ್ಕಿಲ್ಲ. ಅವನು ಇಂದೂ ಮಲಗಿರಲಿಲ್ಲ.

"ಬಂದ್ಲಾ?"

ಅತ್ತೆ ಕಿಟಕಿಯ ಕಡೆ ತಿರುಗಿದರು. ಗೇಟಿನಲ್ಲಿ ನಿಂತ ಸೊಸೆಯನ್ನು ನೋಡಿದರು. ಅವಳ ಕೆದರಿದ ಕೂದಲನ್ನು, ಒಂದು ಕೈಯಲ್ಲಿ ಗೇಟಿನ ಕಂಬಿಯನ್ನೂ ಇನ್ನೊಂದರಲ್ಲಿ ಹಣ್ಣನ್ನೂ ಹಿಡಿದು ಅವಳು ನಿಂತೇ ಇರುವುದನ್ನು ನೋಡಿದರು.

"ಇನ್ನೂ ಇಲ್ಲಪ್ಪ" ಎಂದರು.

"ಯಾಕೆ ತಡ?"

"ಕೊನೇ ದಿನ ಅಲ್ವಾ. ಮಾವು ತೂಗ್ತಿರ್ಬೇಕು." ಫೋನಿನ ಮರೆಯಲ್ಲಿ ಅವರ ಕೈ ಕೆಳಗಾಗಿ ಎರಡು ಸಲ ಆಡಿತು: ಕೂತ್ಕೋ.

ಗೇಟಿನ ಹೊರಗೆ ಬಿದಿರಿನ ಬೆಂಚಿತ್ತು. ಜೊವೆಲಿನ್ ಕಿಟಕಿಗೆ ಬೆನ್ನು ಹಾಕಿ ಅದರ ಮೇಲೆ ಕೂತಳು. ಹಣ್ಣಿನ ತೊಟ್ಟು ಕಚ್ಚಿ ಉಗುಳಿ, ಸಿಪ್ಪೆಯನ್ನು ಹಲ್ಲಿನಿಂದ ಎಳೆದಳು. ರಸ ಮೊಣಕೈವರೆಗೆ ಇಳಿಯಿತು. ಒಳಗೆ ಅತ್ತೆ ಯಾವುದೋ ಹಳೆಯ ಬೇಸಿಗೆಯ ಕತೆ ಶುರುಮಾಡಿದ್ದರು, ಬೇಕೆಂದೇ ಉದ್ದ ಮಾಡುತ್ತಿದ್ದರು. ನಡುವೆ ಅವನು ಮತ್ತೆ ಕೇಳಿದ. ಇಲ್ಲ ಎಂದರು.

ಜೊವೆಲಿನ್ ಅವಸರ ಮಾಡಲಿಲ್ಲ. ಹಣ್ಣು ಮುಗಿದ ಮೇಲೂ ವಾಟೆಯನ್ನು ಚೀಪುತ್ತ, ಅದು ಬೆಳ್ಳಗಾಗುವವರೆಗೆ ಅಲ್ಲೇ ಕೂತಿದ್ದಳು.