ಡೆಲ್ಬರ್ಟನ ಹೆಸರಿನಲ್ಲಿ ಎರಚಿದ ಬೀಜ

ಗೆಳತಿ ಟ್ವೈಲಾಳ ತೋಟದಲ್ಲಿ ಮೊಣಕಾಲೂರಿ ಬಿಳಿ ಡೇಸಿ ಕೀಳುತ್ತಿದ್ದೆ. ಎರಡು ಬೇಸಿಗೆಯಿಂದ ಇದೇ ಕೆಲಸ. ಆ ಹೂ ನೋಡಲು ಮದುಮಗಳು, ಬುದ್ಧಿ ಮಾತ್ರ ರಾಕ್ಷಸಿಯದು. ನಮ್ಮ ಕೊಲೊರಾಡೊ ಬೆಟ್ಟದ ದುಂಬಿಗಳಿಗೆ ಅದರಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಅವಕ್ಕೆ ಬೇಕಾದ ನೀಲಿ ಪೆನ್‌ಸ್ಟೆಮನ್ ಗಿಡಗಳನ್ನು ಟ್ವೈಲಾ ಇಪ್ಪತ್ತು ವರ್ಷದಿಂದ ಬೆಟ್ಟದಲ್ಲಿ ಬೀಜ ಆಯ್ದು ತಂದು, ಹಿಮದಡಿ ಇಟ್ಟು ಮೊಳೆಸಿದ್ದಳು. ಡೇಸಿ ಹಬ್ಬಿ, ಈಗ ಅವುಗಳಲ್ಲಿ ಕಾಲು ಪಾಲೂ ಉಳಿದಿಲ್ಲ.

"ಬೀಜ ಹುಲ್ಲಿನ ಲಾರಿಯಿಂದ ಉದುರಿರ್ಬೇಕು," ಎಂದೆ, ನೂರನೇ ಸಲ.

"ಇರ್ಬೋದು," ಎಂದಳು ಟ್ವೈಲಾ. "ಕಿತ್ತು ಮುಗಿಯೋದಲ್ಲ ಇದು. ನಾಳೆ ಕಳೆ ಔಷಧಿ ಹೊಡೆಸ್ತಿದೀನಿ. ಪೆನ್‌ಸ್ಟೆಮನ್ನೂ ಹೋಗುತ್ತೆ. ಹೋಗ್ಲಿ."

ಲಾರಿಯೂ ಇಲ್ಲ, ಹುಲ್ಲೂ ಇಲ್ಲ. ನಾಲ್ಕು ವರ್ಷದ ಹಿಂದೆ ನನ್ನ ಗಂಡ ಡೆಲ್ಬರ್ಟ್ ತೀರಿಕೊಂಡಾಗ, ನಮ್ಮ ಕಡೆಯ ರೂಢಿಯಂತೆ ಅಂತ್ಯಕ್ರಿಯೆಗೆ ಬಂದವರಿಗೆಲ್ಲ ಅವನ ನೆನಪಿಗೆ ಬಿತ್ತಲೆಂದು ಹೂವಿನ ಬೀಜದ ಪೊಟ್ಟಣ ಹಂಚಿದ್ದೆ. 'ಬೆಟ್ಟದ ಕಾಡುಹೂಗಳು' ಎಂದಿತ್ತು, ಚಿತ್ರ ಚೆನ್ನಾಗಿತ್ತು, ತಿರುಗಿಸಿಯೂ ನೋಡದೆ ತಂದುಬಿಟ್ಟೆ. ಗಾರ್ಡನ್ ಕ್ಲಬ್ಬಿನಲ್ಲಿ ಪೊಟ್ಟಣದ ಹಿಂಭಾಗದಲ್ಲಿರುವ ಬೀಜಗಳ ಹೆಸರು ಓದದವರನ್ನು ನಿಲ್ಲಿಸಿ ಬೈಯುವವಳು ನಾನೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಎರಡು ವರ್ಷ ಕಳೆದು ಸರ್ಕಾರದ ಕಳೆಗಳ ಪಟ್ಟಿಯಲ್ಲಿ ಆ ಡೇಸಿ ಕಂಡಾಗಲೂ ಬಾಯಿ ಬಿಡಲಿಲ್ಲ. ಹೇಡಿ.

"ಟ್ವೈಲಾ, ಲಾರಿಯಿಂದ ಅಲ್ಲ ಕಣೇ. ಡೆಲ್ಬರ್ಟ್ ಹೋದಾಗ ನಾನು ಕೊಟ್ಟ ಬೀಜ ಇದು."

ಅವಳು ತಲೆ ಎತ್ತಲಿಲ್ಲ. "ಗೊತ್ತು. ಅವತ್ತೇ ಹಿಂಭಾಗ ಓದಿದ್ದೆ. ಮೊದಲ್ನೇ ಹೆಸರೇ ಅದು."

"ಗೊತ್ತಿದ್ದೂ ಎರಚಿದ್ಯಾ?"

"'ಡೆಲ್ಬರ್ಟ್ ನಿನ್ನ ತೋಟದಲ್ಲೂ ಅರಳ್ಲಿ' ಅಂತ ನೀನು ಪಕ್ಕದಲ್ಲೇ ನಿಂತು ಅಳ್ತಾ ಇದ್ಯಲ್ಲ, ವರ್ನಾ. ಇನ್ನೇನ್ ಮಾಡ್ಲಿ?"

"ಮೊದಲ್ನೇ ವರ್ಷವೇ ಕೀಳ್ಬೋದಿತ್ತಲ್ಲೇ. ಆಗ ಹತ್ತೋ ಹನ್ನೆರಡೋ ಇದ್ದಿದ್ದು."

"ಕೀಳೋಣ ಅಂತಲೇ ಗುದ್ದಲಿ ತಂದಿದ್ದೆ. ಅಷ್ಟರಲ್ಲಿ ನೀನು ಬಂದೆ. 'ನನ್ನ ಡೆಲ್ಬರ್ಟ್ ಹೂ ಬಿಟ್ಟಿದಾನೆ' ಅಂತ ಫೋಟೊ ತೆಗೊಂಡು ಹೋದೆ."

ಹೇಳಿ, ಮತ್ತೊಂದು ಡೇಸಿ ಬುಡಸಮೇತ ಕಿತ್ತು ಬುಟ್ಟಿಗೆ ಹಾಕಿದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ.