ಹನ್ನೆರಡರ ಕೆಳಗಿನವರು

ಮುದ್ರಣಾಲಯದ ಬೈಂಡಿಂಗ್ ಕೋಣೆಯಲ್ಲಿ ಅವಳು ಹದಿನಾಲ್ಕು ವರ್ಷದಿಂದ ಹಾಳೆ ಮಡಿಸುತ್ತಿದ್ದಳು. ಮಡಿಸುವ ಕೈಗೆ ಓದುವ ಪುರುಸೊತ್ತು ಎಲ್ಲಿಂದ ಬರಬೇಕು? ಆ ಶುಕ್ರವಾರ ಮಾತ್ರ, ದೊಡ್ಡಾಸ್ಪತ್ರೆಯ ಹೊಸ ನಿಯಮಗಳ ಪುಸ್ತಕ ಹೊಲಿಗೆಗೆ ಬಂದಾಗ, ಒಂದು ಸಾಲು ಕಣ್ಣಿಗೆ ಬಿತ್ತು: 'ರೋಗಿಗಳನ್ನು ನೋಡಲು ಬರುವ ಹನ್ನೆರಡು ವರ್ಷದ ಕೆಳಗಿನವರಿಗೆ ಮಕ್ಕಳ ವಾರ್ಡಿಗೆ ಪ್ರವೇಶವಿಲ್ಲ.' ಹಳೆಯ ನಿಯಮವೇ. ಒಂದಕ್ಷರವೂ ಬದಲಾಗಿರಲಿಲ್ಲ.

ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು. ಈ ನಿಯಮ ಇರಬೇಕೋ ಬೇಡವೋ ಎಂದು ಮಕ್ಕಳನ್ನೇ ಕೇಳಲು ಆಸ್ಪತ್ರೆಯವರು ಬರುವ ಮಂಗಳವಾರ ಸಭೆ ಕರೆದಿದ್ದರು. ಶಾಲೆಯವರು ಮಾತಾಡಲು ಆರಿಸಿದ್ದು ಅವಳ ಮಗಳನ್ನು.

ಹಿಂದಿನ ವರ್ಷ ಅದೇ ವಾರ್ಡಿನಲ್ಲಿ ಅವಳ ಮಗ ಒಂಬತ್ತು ದಿನ ಮಲಗಿದ್ದ. ಐದು ವರ್ಷದವನು, ಮನೆಯವರಿಗೆಲ್ಲ ಗುಂಡ. 'ಅಕ್ಕ ಎಲ್ಲಿ?' ಎಂದು ಕೇಳಿ ಕೇಳಿ ಹೋಗಿಬಿಟ್ಟ. ಹತ್ತು ವರ್ಷದ ಅಕ್ಕ ಅಷ್ಟೂ ದಿನ ಕೆಳಗೆ ಮೆಟ್ಟಿಲ ಪಕ್ಕದ ಬೆಂಚಿನಲ್ಲಿ ಕೂತಿದ್ದಳು. ಆಮೇಲೆ ಅವಳು ತಮ್ಮನ ಹೆಸರನ್ನೇ ಎತ್ತಿರಲಿಲ್ಲ.

ಈಗ ಎತ್ತುತ್ತಿದ್ದಳು. ಅಡುಗೆಮನೆಯ ಬಾಗಿಲಿಗೆ ಒರಗಿ ಭಾಷಣ ಒಪ್ಪಿಸುತ್ತಿದ್ದಳು.

"ಅಮ್ಮಾ, ಗುಂಡ ನನ್ನ ಚಪ್ಪಲಿ ಹಾಕ್ಕೊಂಡು ಬಾತುಕೋಳಿ ಥರ ಓಡಾಡ್ತಿದ್ದ ಅಂತ ಹೇಳ್ಲಾ? ನಗ್ತಾರಾ?"

"ನಗ್ಲಿ ಬಿಡು, ಹೇಳು," ಎಂದಳು ತಾಯಿ. ಪುಸ್ತಕದ ವಿಷಯ ನಾಲಗೆಯ ತುದಿಗೆ ಬಂದು ಹಿಂದೆ ಸರಿಯಿತು.

ಮಂಗಳವಾರ ಅರ್ಧ ದಿನ ರಜೆ ಹಾಕಿ ಅವಳೂ ಹೋದಳು. ಮಗಳು ತಡವರಿಸಲಿಲ್ಲ. "ಔಷಧಿ ಎಲ್ಲಾ ಕೊಟ್ರಿ. ನನ್ನನ್ನ ಒಂದ್ಸಲ ಒಳಗೆ ಬಿಟ್ಟಿದ್ರೆ ಸಾಕಿತ್ತು. ಬಾಗಿಲಲ್ಲೇ ನಿಂತಿರ್ತಿದ್ದೆ." ಸಭೆಯ ಅಧ್ಯಕ್ಷೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಚಪ್ಪಾಳೆ, ಫೋಟೊ ಎಲ್ಲ ಆಯಿತು. ಹೊರಡುವಾಗ ಮಕ್ಕಳ ಕೈಗೆ ಒಂದೊಂದು ಬಟ್ಟೆಚೀಲ ಕೊಟ್ಟರು. ಒಳಗೆ ಪೆನ್ನು, ಬಿಸ್ಕತ್ತು, ಒಂದು ಪುಸ್ತಕ.

ಬಸ್ಸಿನಲ್ಲಿ ಮಗಳು ಪುಸ್ತಕ ಬಿಡಿಸಿದಳು. ಅವಳ ಬೆರಳು ಹನ್ನೆರಡು ವರ್ಷದ ಆ ಸಾಲಿನ ಮೇಲೆ ನಿಂತಿತು.

"ಇದು ನಿಮ್ಮ ಪ್ರೆಸ್ಸಲ್ಲಿ ಆಗಿದ್ದಾ?"

"ಹೂಂ."

"ಯಾವಾಗ?"

"ಶುಕ್ರವಾರ."

"ಮತ್ತೆ ನಮ್ಮನ್ನ ಯಾಕೆ ಕರೆದ್ರು?"

ತಾಯಿ ಚೀಲವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. "ವರ್ಷ ಆದ್ಮೇಲೆ ನೀನು ಗುಂಡನ ಮಾತು ಆಡ್ತಿದ್ದೆ ಕಣೇ," ಎಂದಳು. "ಈ ಪುಸ್ತಕದ ವಿಷಯ ಹೇಳಿದ್ರೆ ಮತ್ತೆ ನಿಲ್ಲಿಸಿಬಿಡ್ತೀಯೇನೋ ಅಂತ ಹೆದರಿಕೆ ಆಯ್ತು."

"ಹೇಳಿದ್ರೂ ನಾನು ಹೋಗ್ತಿದ್ದೆ. ಪುಸ್ತಕ ಮುಂಚೇನೇ ಯಾಕೆ ಮಾಡಿಸಿದ್ರಿ ಅಂತ ಕೇಳ್ತಿದ್ದೆ. ನೀನೂ ನನ್ನನ್ನ ಕೇಳದೇನೇ ತೀರ್ಮಾನ ಮಾಡ್ಬಿಟ್ಟೆ."

"ತಪ್ಪಾಯ್ತು," ಎಂದಳು ತಾಯಿ. ಮಗಳು ಕಿಟಕಿಯ ಕಡೆ ತಿರುಗಿದಳು.

ಆ ಭಾನುವಾರ ಮಗಳು ಅದನ್ನೇ ಕೇಳಿ ಅಧ್ಯಕ್ಷೆಗೆ ಕಾಗದ ಬರೆದಳು. ತಾಯಿಯನ್ನು ಕೇಳಿದ್ದು ವಿಳಾಸವೊಂದನ್ನೇ. ಕೆಲವು ವಾರ ಶಾಲೆಯಿಂದ ಬಂದ ಕೂಡಲೇ "ಏನಾದ್ರೂ ಬಂತಾ?" ಎನ್ನುತ್ತಿದ್ದಳು. ತಾಯಿ ಏನನ್ನೂ ಮುಚ್ಚಿಡದೆ "ಇಲ್ಲ" ಎನ್ನುತ್ತಿದ್ದಳು. ಈಗ ಮಗಳು ಕೇಳುವುದನ್ನು ಬಿಟ್ಟಿದ್ದಾಳೆ.